ಆರ್. ನರಸಿಂಹಾಚಾರ್

ರಾವ್ ಬಹದ್ದೂರ್ ರಾಮಾನುಜಪುರಂ ನರಸಿಂಹಾಚಾರ್ (ಏಪ್ರಿಲ್ 9, 1860 – ಡಿಸೆಂಬರ್ 6, 1936) ಕನ್ನಡ ನಾಡಿನ ಆದ್ಯ ಸಂಶೋಧಕರಲ್ಲಿ ಒಬ್ಬರು. ಶಾಸನತಜ್ಞರು, ಭಾಷಾವಿದ್ವಾಂಸರು ಮತ್ತು ಗ್ರಂಥಸಂಪಾದಕರು. ಮೈಸೂರು ಸಂಸ್ಥಾನದ ಪ್ರಾಕ್ತನಶಾಸ್ತ್ರ ಇಲಾಖೆಯನ್ನು 1906ರಿಂದ 1922ರವರೆಗೆ ನಡೆಸಿದರು. ಮೂರು ಸಂಪುಟಗಳ 'ಕರ್ಣಾಟಕ ಕವಿಚರಿತೆ'ಯ ಕರ್ತೃವೆಂದೇ ಇವರ ಹೆಸರು ಹೆಚ್ಚು ಪ್ರಸಿದ್ಧವಾಗಿದೆ. ಅದಕ್ಕೆ ಸಮನಾದ ತೂಕವುಳ್ಳ ಇನ್ನೊಂದು ಕೆಲಸವನ್ನೂ ಇವರು ಮಾಡಿದ್ದಾರೆ: ಈಗಾಗಲೇ ಪ್ರತಿ ತೆಗೆದು ಅಚ್ಚು ಹಾಕಿಸಿದ್ದ ಶಾಸನಗಳನ್ನು ಮತ್ತೆ ಕಲ್ಲಿನೊಡನೆ ಇಟ್ಟು ನೋಡಿ, ಆ ಪ್ರತಿಗಳು ಎಲ್ಲೆಲ್ಲಿ ಸೋತಿವೆ ಎಂಬುದನ್ನು ಕಂಡುಹಿಡಿದು ಸರಿಪಡಿಸಿದ್ದು. ಈ ಕೆಲಸಕ್ಕೆ ಕವಿಚರಿತೆಗೆ ದೊರೆತಷ್ಟು ಪ್ರಚಾರ ದೊರೆಯಲಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ನರಸಿಂಹಾಚಾರ್ ಅವರು ಶ್ರೀರಂಗಪಟ್ಟಣದ ಸಮೀಪದ ಮಂಡ್ಯಕೊಪ್ಪಲಿನಲ್ಲಿ ಶ್ರೀವೈಷ್ಣವ ಮನೆತನವೊಂದರಲ್ಲಿ ಜನಿಸಿದರು. ಕನ್ನಡ, ಸಂಸ್ಕೃತ, ತಮಿಳು, ಇಂಗ್ಲಿಷ್ ಈ ನಾಲ್ಕು ಭಾಷೆಗಳಲ್ಲಿಯೂ ಅವರಿಗೆ ಒಳ್ಳೆಯ ಪಾಂಡಿತ್ಯವಿತ್ತು. ಮದರಾಸು ವಿಶ್ವವಿದ್ಯಾನಿಲಯದಿಂದ 1893ರಲ್ಲಿ ಕನ್ನಡ ಎಂ.ಎ. ಪದವಿ ಪಡೆದರು. ಕನ್ನಡದಲ್ಲಿ ಈ ಪದವಿ ಪಡೆದವರಲ್ಲಿ ಅವರೇ ಮೊದಲಿಗರು. ಆ ಕಾಲದಲ್ಲಿ ಕನ್ನಡವನ್ನು ಎಂ.ಎ. ಮಟ್ಟದಲ್ಲಿ ಓದುವುದೆಂದರೆ ಅಚ್ಚಾದ ಪುಸ್ತಕಗಳಿಗಿಂತ ಓಲೆಗರಿಗಳನ್ನೇ ಹೆಚ್ಚಾಗಿ ನೆಚ್ಚಬೇಕಾಗಿತ್ತು ಎಂಬುದನ್ನು ಇಂದಿನ ವಿದ್ಯಾರ್ಥಿಗಳು ನೆನೆಯಬೇಕು. ಪಂಪಭಾರತ, ಕವಿರಾಜಮಾರ್ಗಗಳು ಅಚ್ಚಿನಲ್ಲಿ ಬಂದದ್ದು 1898ರಲ್ಲಿ. ಶಿಕ್ಷಣ ಇಲಾಖೆಯಲ್ಲಿ ಕೆಲವು ಕಾಲ ಕೆಲಸ ಮಾಡಿದ ನಂತರ ಅವರು ಬಿ. ಎಲ್. ರೈಸ್ ಅವರ ಸಹಾಯಕರಾಗಿ ಪ್ರಾಕ್ತನಶಾಸ್ತ್ರ ಇಲಾಖೆಯನ್ನು ಸೇರಿದರು.

ರೈಸ್ ಅವರಿಂದ ಬಂದ ಸಂಪತ್ತು

ಬೆಂಜಮಿನ್ ಲೂಯಿಸ್ ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಅವರ ತಂದೆಯ ಹೆಸರಿನಲ್ಲಿದೆ. ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ 1865ರಲ್ಲಿ ಮೈಸೂರು ಸರ್ಕಾರಕ್ಕಾಗಿ ತೆಗೆದಿದ್ದ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ಓದಿ ಅನುವಾದಿಸುವ ಹೊಣೆ ರೈಸ್ ಅವರ ಮೇಲೆ ಬಿತ್ತು. ಕಲ್ಲಿನ ಪ್ರತಿಯಾಗಿ ಛಾಯಾಚಿತ್ರವೊಂದೇ ಸಾಲದು ಎಂಬುದು ಆ ಕೆಲಸದಲ್ಲಿ ಬೇಗನೆ ತಿಳಿಯಿತು. ಬೆಳಕು ಬಿದ್ದ ಕೋನ ತಪ್ಪಿದರೆ ಅಕ್ಷರ ಕಾಣುವುದಿಲ್ಲ, ಕಲ್ಲಿನ ಬುಡ ನೆಲದಲ್ಲಿ ಹೂತಿದ್ದರೆ ಕೊನೆಯ ಸಾಲುಗಳು ಚಿತ್ರದಲ್ಲೇ ಇರುವುದಿಲ್ಲ. ರೈಸ್ ಮೂಲಶಾಸನಗಳ ಕಡೆಗೆ ತಿರುಗಿದರು. 1879ರಲ್ಲಿ 'ಮೈಸೂರು ಇನ್‌ಸ್ಕ್ರಿಪ್ಷನ್ಸ್' ಪ್ರಕಟವಾಯಿತು. 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲಾದ 'ಎಪಿಗ್ರಾಫಿಯ ಕರ್ನಾಟಿಕ' ಗ್ರಂಥಮಾಲೆ 1905ರ ವೇಳೆಗೆ ಹನ್ನೆರಡು ಸಂಪುಟಗಳಾಗಿ ಬೆಳೆದು, ಸುಮಾರು ಒಂಬತ್ತು ಸಾವಿರ ಶಾಸನಗಳ ಪಾಠವನ್ನು ಒಳಗೊಂಡಿತು. ಆಗ ಭಾರತದ ಇನ್ನಾವ ದೇಶೀ ಸಂಸ್ಥಾನದಲ್ಲಿಯೂ ಇಂಥ ಸಂಗ್ರಹವಿರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

1906ರಲ್ಲಿ ರೈಸ್ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು, ಇಲಾಖೆ ನರಸಿಂಹಾಚಾರ್ ಅವರ ಕೈಗೆ ಬಂತು. ಕಚೇರಿ ಆಗ ಬೆಂಗಳೂರಿನಲ್ಲಿತ್ತು. ಹನ್ನೆರಡು ಸಂಪುಟಗಳು ಮುಗಿದಿರುವಾಗ ಇನ್ನು ಮಾಡಲು ಉಳಿದಿರುವುದೇನು ಎಂದು ಯಾರಿಗಾದರೂ ಅನ್ನಿಸಬಹುದಾಗಿತ್ತು. ನರಸಿಂಹಾಚಾರ್ ಹಾಗೆ ತಿಳಿಯಲಿಲ್ಲ. ರೈಸ್ ಅವರ ಬಳಿ ದುಡಿದಿದ್ದ ಅವರಿಗೆ ಆ ಸಂಪುಟಗಳ ಶಕ್ತಿಯಂತೆ ಅವುಗಳ ಮಿತಿಯೂ ತಿಳಿದಿತ್ತು. ಇಷ್ಟು ದೊಡ್ಡ ರಾಜ್ಯವನ್ನು ಸಣ್ಣ ಸಿಬ್ಬಂದಿಯೊಡನೆ ಕೆಲವೇ ವರ್ಷಗಳಲ್ಲಿ ಸುತ್ತಿ ಮುಗಿಸುವಾಗ ಹಳ್ಳಿಗಳು ಬಿಟ್ಟುಹೋಗುತ್ತವೆ, ಇದ್ದ ಹಳ್ಳಿಗಳಲ್ಲಿಯೂ ಕಲ್ಲುಗಳು ಬಿಟ್ಟುಹೋಗುತ್ತವೆ.

ಪ್ರತಿ ಕೆಡುವ ಬಗೆ

ಶಾಸನದ ಪ್ರತಿ ಹೇಗೆ ತಪ್ಪುತ್ತದೆ ಎಂಬುದನ್ನು ತಿಳಿದರೆ ಮಾತ್ರ ಈ ವಿದ್ವಾಂಸರ ಶ್ರಮದ ಬೆಲೆ ತಿಳಿಯುತ್ತದೆ. ಕಣ್ಣಿನಿಂದ ಓದಿ ಕೈಯಿಂದ ಬರೆದುಕೊಂಡ ಪ್ರತಿಯಲ್ಲಿ ಓದುಗನ ಊಹೆ ಬೆರೆಯುತ್ತದೆ. ಹಳೆಯ ಲಿಪಿಯಲ್ಲಿ ಪಕಾರ ವಕಾರಗಳು ಒಂದನ್ನೊಂದು ಹೋಲುತ್ತವೆ. ಱ, ೞ ಎಂಬ ಹಳಗನ್ನಡದ ಅಕ್ಷರಗಳ ಪರಿಚಯವಿಲ್ಲದವನು ಅವುಗಳ ಸ್ಥಾನದಲ್ಲಿ ತನಗೆ ಗೊತ್ತಿರುವ ರಕಾರವನ್ನೋ ಳಕಾರವನ್ನೋ ಬರೆದುಬಿಡುತ್ತಾನೆ. ಸುಣ್ಣ ಬಳಿದ ಕಲ್ಲು, ಎಣ್ಣೆ ಕುಡಿದ ಕಲ್ಲು, ಕೆರೆಯ ತೂಬಿನಲ್ಲಿ ತಲೆಕೆಳಗಾಗಿ ಸೇರಿಹೋದ ಕಲ್ಲು, ಒಂದು ಮುಖವನ್ನು ಗೋಡೆಗೆ ಒತ್ತಿಕೊಂಡು ನಿಂತ ಕಲ್ಲು, ಇವುಗಳಿಂದ ಬರುವುದು ಅರ್ಧ ಪ್ರತಿ. ಅರ್ಧ ಪ್ರತಿಯ ಅಪಾಯವೆಂದರೆ ಅದು ನೋಡುವುದಕ್ಕೆ ಪೂರ್ತಿ ಪ್ರತಿಯಂತೆಯೇ ಇರುತ್ತದೆ. ಅಚ್ಚಾದ ಪುಟದ ಮೇಲೆ ಶಾಸನ ಅಚ್ಚುಕಟ್ಟಾಗಿ ಕೂತಿರುವಾಗ ಕಲ್ಲಿನ ಹಿಂಬದಿಯಲ್ಲಿ ಇನ್ನೂ ಹತ್ತು ಸಾಲುಗಳಿವೆಯೆಂದು ಯಾರು ಶಂಕಿಸುತ್ತಾರೆ?

ಇದಕ್ಕೆ ಪರಿಹಾರವಾಗಿ ಬಂದದ್ದು ಕಾಗದದ ಪಡಿಯಚ್ಚು. ಕಲ್ಲನ್ನು ಮೊದಲು ಚೆನ್ನಾಗಿ ತೊಳೆದು ಅಕ್ಷರಗಳ ಒಳಗಿನ ಮಣ್ಣನ್ನು ತೆಗೆಯಬೇಕು. ನೆನೆಸಿದ ಕಾಗದವನ್ನು ಅದರ ಮೇಲೆ ಹರಡಿ, ಗಟ್ಟಿ ಕೂದಲಿನ ಕುಂಚದಿಂದ ಹದವಾಗಿ ಬಡಿದರೆ ಕಾಗದ ಅಕ್ಷರಗಳ ತಗ್ಗಿನೊಳಗೆ ಇಳಿಯುತ್ತದೆ. ಅನಂತರ ಮಸಿಯ ಗುದ್ದಿಯಿಂದ ಮೇಲ್ಮೈಯನ್ನು ಮೆಲ್ಲನೆ ಒತ್ತಿದರೆ ಕಲ್ಲಿನ ಬಯಲು ಕಪ್ಪಾಗಿಯೂ ಅಕ್ಷರ ಬಿಳಿಯಾಗಿಯೂ ಮೂಡುತ್ತವೆ. ಈ ಪ್ರತಿಯಲ್ಲಿ ಊಹೆಗೆ ಎಡೆಯಿಲ್ಲ. ಓದುವವನು ತಪ್ಪಿದರೂ ಇನ್ನೊಬ್ಬ ಓದುಗ ಅದೇ ಕಾಗದವನ್ನು ಮತ್ತೆ ನೋಡಬಹುದು. ಆದರೆ ಕಾಗದಕ್ಕೂ ಹುಳು, ತೇವ, ಮಡಿಕೆಗಳ ಭಯವಿದೆ.

ಪಾಠ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಶಾಸನದ ಒಳಗೇ ಕೆಲವು ಸಾಧನಗಳಿವೆ. ಹೆಚ್ಚಿನ ಶಾಸನಗಳು ಶಕವರ್ಷವನ್ನು ಹೇಳಿ ಸುಮ್ಮನಾಗುವುದಿಲ್ಲ. ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರಗಳನ್ನೂ ಹೇಳುತ್ತವೆ. ಶಕವರ್ಷದ ಒಂದು ಅಂಕೆಯನ್ನು ತಪ್ಪಾಗಿ ಓದಿದರೆ ಅರವತ್ತು ಸಂವತ್ಸರಗಳ ಚಕ್ರದಲ್ಲಿ ಹೆಸರು ಹೊಂದುವುದಿಲ್ಲ. ತಿಥಿಯನ್ನು ತಪ್ಪಾಗಿ ಓದಿದರೆ ವಾರ ಹೊಂದುವುದಿಲ್ಲ. ಪದ್ಯಶಾಸನಗಳಲ್ಲಿ ಛಂದಸ್ಸೇ ಕಾವಲುಗಾರ. ಕಂದಪದ್ಯದಲ್ಲಿ ಮಾತ್ರೆಯೊಂದು ಕಡಿಮೆಯಾದರೆ, ದ್ವಿತೀಯಾಕ್ಷರದ ಪ್ರಾಸ ತಪ್ಪಿದರೆ, ಎಲ್ಲೋ ಅಕ್ಷರ ಜಾರಿದೆಯೆಂದೇ ಅರ್ಥ. ಛಂದಸ್ಸು ವ್ಯಾಕರಣಗಳಲ್ಲಿ ನುರಿತಿದ್ದ ನರಸಿಂಹಾಚಾರ್ ಅವರಿಗೆ ಇದು ಸಹಜವಾಗಿ ಒದಗಿತು. ಶಾಸನಗಳಲ್ಲಿನ ಕಾವ್ಯಗುಣವುಳ್ಳ ಪದ್ಯಗಳನ್ನು ಆಯ್ದು ಮುಂದೆ ಅವರು 'ಶಾಸನಪದ್ಯಮಂಜರಿ' (1923) ಎಂಬ ಸಂಕಲನವನ್ನೇ ಹೊರತಂದರು.

ಇಂದು ಸರ್ವರುಗಳಲ್ಲಿ ದತ್ತಸಂಚಯಗಳನ್ನು ಕಾಪಾಡುವವರೂ ಇದೇ ಕಷ್ಟವನ್ನು ಬೇರೆ ಹೆಸರಿನಲ್ಲಿ ಅನುಭವಿಸುತ್ತಾರೆ. ರಾತ್ರಿಯ ಬ್ಯಾಕಪ್ ಮುಗಿಯಿತೆಂದು ದಾಖಲೆ ತೋರಿಸುತ್ತಿದ್ದರೂ, ಆ ಪ್ರತಿಯಿಂದ ಮೂಲವನ್ನು ಒಮ್ಮೆ ಮರಳಿ ಕಟ್ಟಿ ನೋಡುವವರೆಗೆ ಅದು ಪೂರ್ಣವೋ ಅಪೂರ್ಣವೋ ತಿಳಿಯುವುದಿಲ್ಲ. ಡಿಸ್ಕ್ ತುಂಬಿ ನಡುವೆಯೇ ನಿಂತ ಪ್ರತಿ, ಒಂದು ಕೋಷ್ಟಕವನ್ನು ಬಿಟ್ಟುಬಿಟ್ಟ ಪ್ರತಿ, ಅಕ್ಷರಸಂಕೇತ ಬದಲಾಗಿ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾದ ಪ್ರತಿ, ಇವು ಹೂತ ಕಲ್ಲಿಗೂ ತಪ್ಪಾಗಿ ಓದಿದ ಱಕಾರಕ್ಕೂ ಸಮೀಪದ ಬಂಧುಗಳು. ಮೂಲ ಇನ್ನೂ ಇರುವಾಗಲೇ ಪ್ರತಿಯನ್ನು ಪರೀಕ್ಷಿಸಬೇಕೆಂಬ ಕಟ್ಟುಪಾಡನ್ನು ನರಸಿಂಹಾಚಾರ್ ನೂರು ವರ್ಷಗಳ ಹಿಂದೆ ಕಲ್ಲಿನ ವಿಷಯದಲ್ಲಿ ಪಾಲಿಸಿದರು.

ಶ್ರವಣಬೆಳಗೊಳದ ಮರುಶೋಧ

ಇದಕ್ಕೆ ಅತ್ಯುತ್ತಮ ನಿದರ್ಶನ ಶ್ರವಣಬೆಳಗೊಳ. ರೈಸ್ ಅವರು 1889ರಲ್ಲಿ ಗ್ರಂಥಮಾಲೆಯ ಎರಡನೆಯ ಸಂಪುಟವಾಗಿ ಪ್ರಕಟಿಸಿದ ಶ್ರವಣಬೆಳಗೊಳದ ಶಾಸನಗಳ ಸಂಖ್ಯೆ 144. ನರಸಿಂಹಾಚಾರ್ ಅವರು ಅದೇ ಸ್ಥಳವನ್ನು ಮತ್ತೆ ಶೋಧಿಸಿ 1923ರಲ್ಲಿ ಹೊರತಂದ ಪರಿಷ್ಕೃತ ಮುದ್ರಣದಲ್ಲಿ ಇರುವ ಶಾಸನಗಳು 500. ನಾಡಿನಲ್ಲೆಲ್ಲ ಹೆಸರಾದ, ಯಾತ್ರಿಕರು ದಿನವೂ ಬರುವ ಒಂದೇ ಊರಿನಲ್ಲಿ ಮುನ್ನೂರೈವತ್ತಾರು ಶಾಸನಗಳು ಮೊದಲ ಪ್ರತಿಯ ಕಣ್ಣಿಗೆ ಬಿದ್ದಿರಲಿಲ್ಲ. ಅವುಗಳಲ್ಲಿ ಹಲವು ಚಿಕ್ಕಬೆಟ್ಟದ ಬಂಡೆಯ ಮೇಲೆ ಕೊರೆದ ಒಂದೆರಡು ಸಾಲಿನ ಬರಹಗಳು. ಸನ್ಯಸನ ವಿಧಿಯಿಂದ ದೇಹ ಬಿಟ್ಟ ಮುನಿಗಳ, ಕಂತಿಯರ ನೆನಪಿನವು; ಯಾತ್ರಿಕರು ಬರೆಸಿಹೋದ ಹೆಸರುಗಳೂ ಇವೆ. ಕಾಲ್ತುಳಿತಕ್ಕೆ ಸಿಕ್ಕಿ ಅವು ಸವೆಯುತ್ತಿದ್ದವು. ಒಬ್ಬ ರಾಜನ ದಾನಶಾಸನಕ್ಕೆ ಕೊಡುವ ಗಮನವನ್ನೇ ಹೆಸರು ಮಾತ್ರ ಉಳಿದ ಯಾತ್ರಿಕನಿಗೂ ಕೊಟ್ಟದ್ದು ಈ ಮುದ್ರಣದ ಹಿರಿಮೆ.

ಚಿಕ್ಕಬೆಟ್ಟ, ದೊಡ್ಡಬೆಟ್ಟ, ಊರು, ಸುತ್ತಲ ಹಳ್ಳಿಗಳು ಎಂಬ ಕ್ರಮದಲ್ಲಿ ಶಾಸನಗಳನ್ನು ಜೋಡಿಸಿದ್ದರಿಂದ ಹಳೆಯ ಸಂಖ್ಯೆಗಳೆಲ್ಲ ಬದಲಾಗಬೇಕಾಯಿತು. ಅಷ್ಟರಲ್ಲಿ ದೇಶವಿದೇಶಗಳ ವಿದ್ವಾಂಸರು ರೈಸ್ ಅವರ ಸಂಖ್ಯೆಗಳನ್ನೇ ತಮ್ಮ ಗ್ರಂಥಗಳಲ್ಲಿ ಬಳಸಿದ್ದರು. ಅವರು ಕೈಬಿಡಬಾರದೆಂದು ಹೊಸ ಸಂಖ್ಯೆಯ ಪಕ್ಕದಲ್ಲಿ ಕಂಸದೊಳಗೆ ಹಳೆಯ ಸಂಖ್ಯೆಯನ್ನೂ ಕೊಡಲಾಯಿತು. ಪ್ರಸಿದ್ಧವಾದ ಮಲ್ಲಿಷೇಣ ಪ್ರಶಸ್ತಿ ಹಳೆಯ ಮುದ್ರಣದಲ್ಲಿ 54, ಹೊಸದರಲ್ಲಿ 67. ಸಣ್ಣ ಸಂಗತಿಯಂತೆ ಕಂಡರೂ, ಇಂಥ ಎಚ್ಚರವಿಲ್ಲದೆ ಸಂಖ್ಯೆ ಬದಲಿಸಿದ ಸಂಗ್ರಹಗಳಲ್ಲಿ ಮೂವತ್ತು ವರ್ಷಗಳ ಉಲ್ಲೇಖಗಳೆಲ್ಲ ಅನಾಥವಾಗುತ್ತವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಇದೇ ಸಂಪುಟವನ್ನು ಮತ್ತೊಮ್ಮೆ ಪರಿಷ್ಕರಿಸಿದಾಗ ಶಾಸನಗಳ ಸಂಖ್ಯೆ 573ಕ್ಕೆ ಏರಿತು.

ಬೇಗೂರಿನ ಕಲ್ಲು

ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ 1905ರಲ್ಲಿ ಪ್ರಕಟವಾಗಿತ್ತು. ಅದಾದ ಹತ್ತು ವರ್ಷಗಳ ಮೇಲೆ, 1914–15ರ ಸರ್ವೇಕ್ಷಣೆಯಲ್ಲಿ, ನರಸಿಂಹಾಚಾರ್ ಅವರು ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಒಂದು ಸಣ್ಣ ಶಾಸನವನ್ನು ಕಂಡುಹಿಡಿದರು. ಗಂಗರ ಕಾಲದ, ಸುಮಾರು ಕ್ರಿ.ಶ. 900ರ ಈ ಶಾಸನ ಬೆಂಗಳೂರಿನಲ್ಲಿ ನಡೆದ ಕಾಳಗವೊಂದರಲ್ಲಿ ನಾಗತ್ತರನ ಕಡೆಯವನೊಬ್ಬ ಮಡಿದುದನ್ನು ಹೇಳುತ್ತದೆ. ಊರಿನ ಹೆಸರು ಅದರಲ್ಲಿ ಬೆಂಗಳೂರು ಎಂದೇ ಇದೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂದಾಯಿತು ಎಂಬ ಜನಪ್ರಿಯ ಕಥೆ ಹನ್ನೆರಡನೆಯ ಶತಮಾನಕ್ಕೆ ಸೇರಿದ್ದು. ಅದಕ್ಕಿಂತ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಈ ಹೆಸರಿತ್ತೆಂದು ಈ ಕಲ್ಲು ತೋರಿಸಿತು. ಕಥೆ ಈಗಲೂ ಶಾಲೆಯ ಮಕ್ಕಳ ಬಾಯಲ್ಲಿದೆ. ಶಾಸನದ ಸಂಗತಿ ಅಷ್ಟು ವೇಗವಾಗಿ ಹಬ್ಬಲಿಲ್ಲ.

ವಾರ್ಷಿಕ ವರದಿಗಳು, ದೇವಾಲಯಗಳು

ಇಲಾಖೆಯ ವಾರ್ಷಿಕ ವರದಿಗಳಿಗೆ ನರಸಿಂಹಾಚಾರ್ ಹೊಸ ರೂಪ ಕೊಟ್ಟರು. ಶಾಸನಗಳ ಜೊತೆಗೆ ದೇವಾಲಯ, ಶಿಲ್ಪ, ನಾಣ್ಯ, ಹಸ್ತಪ್ರತಿಗಳ ವಿವರಗಳು ಚಿತ್ರಸಹಿತವಾಗಿ ಸೇರತೊಡಗಿದವು. ಸೋಮನಾಥಪುರದ ಕೇಶವ ದೇವಾಲಯ (1917), ಬೇಲೂರಿನ ಕೇಶವ ದೇವಾಲಯ ಮತ್ತು ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ (ಎರಡೂ 1919) ಇವುಗಳ ಮೇಲೆ ಇಂಗ್ಲಿಷಿನಲ್ಲಿ ಪ್ರತ್ಯೇಕ ಪುಸ್ತಕಗಳನ್ನು ಬರೆದರು. ವಿಗ್ರಹಗಳ ಪೀಠದ ಮೇಲೆ ಹೊಯ್ಸಳ ಶಿಲ್ಪಿಗಳು ಕೊರೆದ ಹೆಸರುಗಳನ್ನು ಅವರು ಒಂದೊಂದಾಗಿ ಗುರುತು ಹಾಕಿಕೊಂಡರು. ಸೋಮನಾಥಪುರದ ಮಲ್ಲಿತಮ್ಮನಂಥ ಶಿಲ್ಪಿಗಳು ಹೆಸರುಳ್ಳ ವ್ಯಕ್ತಿಗಳಾಗಿ ಓದುಗರಿಗೆ ಪರಿಚಿತರಾದುದು ಈ ಬರಹಗಳಿಂದ.

ಕರ್ಣಾಟಕ ಕವಿಚರಿತೆ

ಕವಿಚರಿತೆಯ ಮೊದಲ ಸಂಪುಟ 1907ರಲ್ಲಿ ಹೊರಬಂತು. ಇದರಲ್ಲಿ ಅವರ ಜೊತೆಗಾರರಾಗಿದ್ದವರು ಕವಿ, ವಿದ್ವಾಂಸ ಎಸ್. ಜಿ. ನರಸಿಂಹಾಚಾರ್. ಅವರು ಅದೇ ವರ್ಷ ತೀರಿಕೊಂಡುದರಿಂದ ಮುಂದಿನ ಭಾರವೆಲ್ಲ ಒಬ್ಬರ ಮೇಲೆಯೇ ಬಿತ್ತು. ಎರಡನೆಯ ಸಂಪುಟ 1919ರಲ್ಲಿ, ಮೂರನೆಯದು 1929ರಲ್ಲಿ ಪ್ರಕಟವಾದವು. ನಡುವೆ 1924ರಲ್ಲಿ ಮೊದಲ ಸಂಪುಟವನ್ನೇ ತಿದ್ದಿ ಮರುಮುದ್ರಿಸಿದರು. ಹೊಸ ಶಾಸನಗಳೂ ಹೊಸ ಹಸ್ತಪ್ರತಿಗಳೂ ದೊರೆತ ಮೇಲೆ ತಮ್ಮದೇ ಹಳೆಯ ನಿರ್ಣಯಗಳನ್ನು ಹಾಗೆಯೇ ಬಿಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಮೂರು ಸಂಪುಟಗಳಲ್ಲಿ ಸೇರಿ ಸಾವಿರಕ್ಕೂ ಮಿಕ್ಕ ಕವಿಗಳ ವಿಷಯವಿದೆ.

ಈ ಗ್ರಂಥದ ಸಾಮಗ್ರಿಯ ಬಹುಭಾಗ ಓಲೆಗರಿಗಳಲ್ಲಿತ್ತು. ಓಲೆ ಶಾಶ್ವತವಲ್ಲ. ಹುಳು ಹಿಡಿಯುತ್ತದೆ, ಅಂಚು ಮುರಿಯುತ್ತದೆ, ದಾರ ಕಡಿದು ಗರಿಗಳು ಚೆದರುತ್ತವೆ. ಆದ್ದರಿಂದ ಒಂದು ಕಾವ್ಯ ಉಳಿಯಬೇಕಾದರೆ ತಲೆಮಾರಿಗೊಮ್ಮೆಯಾದರೂ ಅದನ್ನು ಹೊಸ ಗರಿಗಳಿಗೆ ಇಳಿಸಬೇಕಾಗಿತ್ತು. ಇಳಿಸುವವನು ಬೇಸತ್ತಾಗ ಸಾಲು ಹಾರಿಹೋಗುತ್ತದೆ. ಒಂದೇ ಪದ ಎರಡು ಸಾಲುಗಳಲ್ಲಿ ಬಂದಾಗ ಕಣ್ಣು ಮೇಲಿನದರಿಂದ ಕೆಳಗಿನದಕ್ಕೆ ಜಾರುತ್ತದೆ. ಲಿಪಿಕಾರರಿಗೆ ಇದು ತಿಳಿಯದ ವಿಷಯವಲ್ಲ. ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ಪುಸ್ತಕವನ್ನು ಕಾಪಾಡಿರೆಂದೂ ತಪ್ಪಿದ್ದರೆ ಮನ್ನಿಸಿರೆಂದೂ ಓಲೆಯ ಕೊನೆಯಲ್ಲಿ ಬೇಡಿಕೊಳ್ಳುವುದು ಹಳೆಯ ವಾಡಿಕೆ. ಯಾವ ಕಾವ್ಯವನ್ನು ಇಳಿಸಿಕೊಳ್ಳಲು ಯಾರೂ ಮನಸ್ಸು ಮಾಡಲಿಲ್ಲವೋ ಅದು ಕೊನೆಯ ಓಲೆಯೊಡನೆ ಮುಗಿಯಿತು.

ಹಾಗೆ ಮುಗಿದುಹೋದವುಗಳ ಲೆಕ್ಕವನ್ನೂ ಇಟ್ಟದ್ದು ಕವಿಚರಿತೆಯ ವಿಶೇಷ. ಪೊನ್ನ ಮೊದಲಾದ ಕವಿಗಳು ಹೆಸರೆತ್ತಿರುವ ಅಸಗನ ಕನ್ನಡ ಕಾವ್ಯ ದೊರೆಯುವುದಿಲ್ಲ. ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳು ಇಡಿಯಾಗಿ ಉಳಿದಿಲ್ಲ. ಮಲ್ಲಿಕಾರ್ಜುನನ 'ಸೂಕ್ತಿಸುಧಾರ್ಣವ'ದಂಥ ಸಂಕಲನಗಳಲ್ಲಿಯೂ ಲಕ್ಷಣಗ್ರಂಥಗಳಲ್ಲಿಯೂ ಬಿಡಿ ಪದ್ಯಗಳಾಗಿ ಮಾತ್ರ ಕಾಣಿಸಿಕೊಳ್ಳುತ್ತವೆ. ಹೀಗೆ ಬೇರೆಯವರ ಗ್ರಂಥಗಳಲ್ಲಿ ಸಿಕ್ಕಿಕೊಂಡ ಚೂರುಗಳಿಂದ, ಉತ್ತರಕಾಲದ ಕವಿಗಳ ಪೂರ್ವಕವಿಸ್ಮರಣೆಯಿಂದ, ಶಾಸನಗಳಲ್ಲಿ ಅಕಸ್ಮಾತ್ತಾಗಿ ಬಂದ ಹೆಸರುಗಳಿಂದ, ಕಳೆದುಹೋದ ಕವಿಯ ಕಾಲವನ್ನೂ ಮತವನ್ನೂ ಆಶ್ರಯದಾತನನ್ನೂ ಅವರು ನಿಶ್ಚಯಿಸಲು ಯತ್ನಿಸಿದರು. ಶಾಸನ, ಸಾಹಿತ್ಯ ಎರಡೂ ಒಬ್ಬರ ಕೈಯಲ್ಲೇ ಇದ್ದುದರಿಂದ ಈ ಕೆಲಸ ಸಾಧ್ಯವಾಯಿತು.

ಗ್ರಂಥಕ್ಕೆ ಕೊರತೆಗಳಿಲ್ಲದಿಲ್ಲ. ಕವಿಗಳನ್ನು ಕಾಲಾನುಕ್ರಮದಲ್ಲಿ ಸಾಲಾಗಿ ನಿಲ್ಲಿಸಲಾಗಿದೆಯೇ ಹೊರತು ಸಾಹಿತ್ಯದ ಬೆಳವಣಿಗೆಯ ವಿವೇಚನೆ ಕಡಿಮೆ. ಮಹಾಕವಿಗೂ ಸಾಮಾನ್ಯ ಪದ್ಯಕಾರನಿಗೂ ಒಂದೇ ಬಗೆಯ ಟಿಪ್ಪಣಿ ಸಲ್ಲುತ್ತದೆ. ಕೆಲವು ಕಾಲನಿರ್ಣಯಗಳನ್ನು ನಂತರದ ವಿದ್ವಾಂಸರು ತಿದ್ದಿದ್ದಾರೆ. ಹಾಗಿದ್ದೂ ಕನ್ನಡ ಸಾಹಿತ್ಯಚರಿತ್ರೆಯನ್ನು ಬರೆದ ಯಾರೂ ಈ ಮೂರು ಸಂಪುಟಗಳನ್ನು ದಾಟಿಕೊಂಡು ಹೋಗಲು ಆಗಲಿಲ್ಲ.

ಮಲ್ಲೇಶ್ವರದ ದಿನಗಳು ಮತ್ತು ಗೌರವಗಳು

1922ರಲ್ಲಿ ನಿವೃತ್ತರಾದಾಗ ಇಲಾಖೆಯ ಹೊಣೆ ಅರ್ಥಶಾಸ್ತ್ರದ ಸಂಪಾದಕರಾದ ಆರ್. ಶಾಮಶಾಸ್ತ್ರಿಗಳಿಗೆ ಹೋಯಿತು. ನರಸಿಂಹಾಚಾರ್ ಬೆಂಗಳೂರಿನ ಮಲ್ಲೇಶ್ವರದಲ್ಲಿ ನೆಲೆಸಿ ಬರವಣಿಗೆ ಮುಂದುವರಿಸಿದರು. 1898ರ ಪ್ಲೇಗಿನ ಹಾವಳಿಯ ಮೇಲೆ ಬಸವನಗುಡಿಯ ಜೊತೆಜೊತೆಗೆ ಬೆಳೆದ ಬಡಾವಣೆ ಇದು. ಬಡಾವಣೆ ಹೊಸದಾದರೂ ಊರು ಹಳೆಯದು: ಮರಾಠಾ ದೊರೆ ಏಕೋಜಿ 1669ರಲ್ಲಿ ಮಲ್ಲಾಪುರದ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ ಶಾಸನ ಇಲ್ಲಿನ ಕಾಡುಮಲ್ಲೇಶ್ವರ ದೇವಾಲಯದ ಬಳಿಯದು.

ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಸ್ಥಾಪನೆಯಾಯಿತು. ಅದರ ಕಟ್ಟಡ ಈಗ ಚಾಮರಾಜಪೇಟೆಯಲ್ಲಿದೆ. 1918ರಲ್ಲಿ ಧಾರವಾಡದಲ್ಲಿ ನಡೆದ ನಾಲ್ಕನೆಯ ಸಾಹಿತ್ಯ ಸಮ್ಮೇಳನಕ್ಕೆ ನರಸಿಂಹಾಚಾರ್ ಅಧ್ಯಕ್ಷರಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು 1913ರಲ್ಲಿ ಇವರಿಗೆ ಪ್ರಾಕ್ತನವಿಮರ್ಶವಿಚಕ್ಷಣ ಎಂಬ ಬಿರುದನ್ನಿತ್ತರು. ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಮತ್ತು 1934ರಲ್ಲಿ ಮಹಾಮಹೋಪಾಧ್ಯಾಯ ಬಿರುದುಗಳು ಬಂದವು.

ತಮಿಳಿನ ನೀತಿಪದ್ಯಗಳನ್ನು ಕನ್ನಡಿಸಿದ 'ನೀತಿಮಂಜರಿ', ಹಾಸ್ಯಪ್ರಸಂಗಗಳ 'ನಗೆಗಡಲು', ಸಂಪಾದಿಸಿದ ನಾಗವರ್ಮನ 'ಕಾವ್ಯಾವಲೋಕನ' ಇವರ ಇತರ ಕೃತಿಗಳಲ್ಲಿ ಕೆಲವು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಉಪನ್ಯಾಸಗಳು ಇಂಗ್ಲಿಷಿನಲ್ಲಿ ಕನ್ನಡ ಭಾಷೆಯ ಚರಿತ್ರೆಯಾಗಿ 1934ರಲ್ಲಿ ಪ್ರಕಟವಾದವು. ಕನ್ನಡ ಸಾಹಿತ್ಯದ ಚರಿತ್ರೆಯ ಪುಸ್ತಕ ಹೊರಬಂದದ್ದು 1940ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. 1936ರ ಡಿಸೆಂಬರ್ 6ರಂದು ಅವರು ನಿಧನರಾದರು. ಕನ್ನಡದ ಅತಿ ಹಳೆಯ ಶಾಸನವೆಂದು ಹೆಸರಾದ ಹಲ್ಮಿಡಿಯ ಕಲ್ಲನ್ನು ಎಂ. ಎಚ್. ಕೃಷ್ಣ ಅವರು ವಿದ್ವತ್ಪ್ರಪಂಚಕ್ಕೆ ಪರಿಚಯಿಸಿದ್ದೂ ಅದೇ ಕಾಲದಲ್ಲಿ.

ಪ್ರತಿಗಳ ಮುಂದಿನ ಕಥೆ

ರೈಸ್ ಅವರ ನಂತರ ದೊರೆತ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಪುರವಣಿ ಸಂಪುಟಗಳಾಗಿ ಕ್ರಮೇಣ ಹೊರಬಂದವು. 1972ರಿಂದ ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಇಡೀ ಗ್ರಂಥಮಾಲೆಯ ಪರಿಷ್ಕರಣವನ್ನು ಕೈಗೊಂಡಿತು. ಆ ವೇಳೆಗೆ ಎಷ್ಟೋ ಕಲ್ಲುಗಳು ಮನೆಯ ಅಡಿಪಾಯಕ್ಕೂ ರಸ್ತೆಗೂ ಸೇರಿಹೋಗಿದ್ದವು; ನಿಧಿಯ ಆಸೆಗೆ ಒಡೆದವೂ ಇದ್ದವು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಡಿಜಿಟಲ್ ಸ್ಕ್ಯಾನ್ ಮಾಡುವ ಯೋಜನೆಯನ್ನು ಆರಂಭಿಸಿತು. ಸ್ಕ್ಯಾನ್ ಮಾಡಲು ಹೋದೆಡೆಗಳಲ್ಲಿ ಹಳೆಯ ಸಂಪುಟ ಸೂಚಿಸಿದ ಜಾಗದಲ್ಲಿ ಕಲ್ಲೇ ಇಲ್ಲದ ಸಂದರ್ಭಗಳು ಹಲವು. ಅಂಥ ಶಾಸನಗಳಿಗೆ ಇಂದು ಉಳಿದಿರುವುದು ರೈಸ್ ಮತ್ತು ನರಸಿಂಹಾಚಾರ್ ಅವರ ಕಾಲದ ಅಚ್ಚಿನ ಪಾಠ ಮಾತ್ರ; ಅದರಲ್ಲಿ ತಪ್ಪಿದ್ದರೆ ತಿದ್ದಲು ಬೇರೆ ಮೂಲವಿಲ್ಲ. ಬೇಗೂರಿನ ಕಲ್ಲು ಮಾತ್ರ ಇಂದಿಗೂ ದೇವಾಲಯದ ಆವರಣದಲ್ಲಿಯೇ ಇದೆ.